ಬಸ್‌ಸ್ಟ್ಯಾಂಡಿಗೆ ಬೆನ್ನು ಹಾಕಿದ ಕುರ್ಚಿ

ನಾನು ಬಾಡಿಗೆಗಿರುವ ಮನೆಯ ಮಾಲೀಕರು ಬೇಸಿಗೆಯ ಸಂಜೆ ಮಾಳಿಗೆಯ ಮೇಲೆ ನೀರು ಹೊಡೆಯುತ್ತಾರೆ. ದಿನವಿಡೀ ಬೀದರಿನ ಬಿಸಿಲು ಕುಡಿದ ಸಿಮೆಂಟು ಮೊದಲ ಕೊಡಕ್ಕೆ ಚುಂಯ್ ಎನ್ನುತ್ತದೆ, ಆಮೇಲೆ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳಿ ಮುಗಿಸಿದ್ದಾರೆ. ಇದು ಕಾದ ಹಂಚಿನ ಮೇಲೆ ಒದ್ದೆ ಬಟ್ಟೆ ಎಳೆದಂಥದ್ದು. ಬೇರೆಯವರಿಗೆ ಅದರಿಂದ ತಂಪೆನಿಸುತ್ತದಂತೆ. ನನಗೆ ಮಾತ್ರ ಅಂಗೈ ಬೆವರುತ್ತದೆ. ಕಿವಿ ತಾನಾಗಿ ಬಸ್‌ಸ್ಟ್ಯಾಂಡಿನ ದಿಕ್ಕಿಗೆ ತಿರುಗುತ್ತದೆ. ಹತ್ತಿರದಲ್ಲಿ ಯಾರಾದರೂ ಊಟಕ್ಕೆ ಕೂತಿದ್ದರೆ ಅವರ ಕೈ ತಟ್ಟೆಯಿಂದ ಬಾಯಿಗೆ ಹೋಗುವ ತನಕ ಉಸಿರು ಬಿಡಲಾರೆ. ಹೀಗೇಕೆ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುವವನೇ ನಾನು.

ನಾನು ಡಾಬಕಾದವನು. ಔರಾದ ತಾಲೂಕಿನ ಊರು, ಇನ್ನು ನಾಲ್ಕು ಹೆಜ್ಜೆ ಹೆಚ್ಚಿಗೆ ಇಟ್ಟರೆ ಮಹಾರಾಷ್ಟ್ರ. ಬೀದರಿನ ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ಲುಗಳ ಮೇಲೆ ಚೀಟಿ ಅಂಟಿಸುವುದು ನನ್ನ ಉದ್ಯೋಗ; ಕಂಡವರಂತೆ ಮಾತಾಡಿ ತೋರಿಸುವುದು ನನ್ನ ರೋಗ. ಸಾಲಿಯ ಮಾಸ್ತರರು, ಔರಾದಿನ ಕಂಡಕ್ಟರು, ಹಾಲಿಗೆ ನೀರು ಬೆರೆಸಿ ಆಣೆ ಮಾಡುವ ನಮ್ಮ ಕಾಕಾ, ಯಾರನ್ನೂ ಬಿಟ್ಟಿಲ್ಲ. ಮ್ಯಾನೇಜರ್ ಎದುರು ನಿಂತಾಗ ನನ್ನ ದನಿ ಬೆಕ್ಕಿನಮರಿಯಷ್ಟಾಗುತ್ತದೆ. ಅವರು ಅತ್ತ ಹೋದ ಮೇಲೆ ಆ ಬೆಕ್ಕಿನಮರಿಯನ್ನೂ ಅಣಕಿಸಿ ತೋರಿಸುತ್ತೇನೆ. ನಕ್ಕವರು ನನ್ನನ್ನು ಜಾಣನೆನ್ನುತ್ತಾರೆ. ನಗದವರು ಏನೆನ್ನುತ್ತಾರೆಂದು ನಾನು ವಿಚಾರಿಸಲು ಹೋದವನಲ್ಲ.

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಓಡುತ್ತಿದ್ದ ಮಾಲು ನಮ್ಮ ಅವ್ವ. ಅದನ್ನು ಸವಿಯಬೇಕಾದರೆ ನಿಮಗೆ ನಮ್ಮ ತಾಲೂಕಿನ ಸಂಕಟ ಗೊತ್ತಿರಬೇಕು. ಔರಾದ ಕಡೆಗೆ ರೈಲಿಲ್ಲ. ನಮಗಿರುವುದು ಬಸ್ಸು, ಮತ್ತು ಬಸ್ಸು ಹೋಗಿಬಿಡುತ್ತದೆಂಬ ಭಯ. ಭಾಲ್ಕಿಯವರನ್ನು ನೋಡಿ, ರೈಲು ಊರಿಗೇ ಬರುತ್ತದೆ, ಇದು ತಪ್ಪಿದರೆ ಇನ್ನೊಂದು ಎಂದು ಕಾಲು ಚಾಚಿ ಚಹಾ ಕುಡಿಯುತ್ತಾರೆ. ನಮ್ಮವರು ಬೀದರಿನ ದವಾಖಾನೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಹಚ್ಚಿದಾಗಲೂ ಗೋಡೆಯ ಗಡಿಯಾರ ನೋಡುತ್ತಾರೆ. ಡಾಕ್ಟರಿಗೆ ಆಗ ಕೇಳಿಸುವ ಬಡಿತ ರೋಗದ್ದೋ ಬಸ್ಸಿನದ್ದೋ ಹೇಳುವುದು ಕಷ್ಟ.

ಅವ್ವ ಊರ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಿಂತು ಬಡಿಸುತ್ತಾಳೆ, ನಿಂತೇ ಉಣ್ಣುತ್ತಾಳೆ. ನನ್ನ ಅಕ್ಕನನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಮಾಮಾ, ಅಂದರೆ ಅಕ್ಕನ ಗಂಡ, ಮೂಲತಃ ಭಾತಂಬ್ರಾದವರು, ಭಾಲ್ಕಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಅವ್ವ ವರ್ಷಕ್ಕೆ ಮೂರ್ನಾಲ್ಕು ಸಲ ಮಗಳನ್ನು ನೋಡಲು ಹೋಗುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸು. ಅಕ್ಕ ತಟ್ಟೆ ಇಟ್ಟರೆ ಅವ್ವ ತಟ್ಟೆಯ ಅಂಚನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿ, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಬಾಗಿಲ ಕಡೆ ಕಣ್ಣಿಟ್ಟು ಹೇಳುವ ಮಾತು ಒಂದೇ. "ಈಗ ಉಂಡೇ ಬಂದೀನಿ ನಮ್ಮವ್ವಾ. ಹೊಟ್ಯಾಗ ಜಾಗ ಇಲ್ಲ. ಏಳ್ತೇನಿ, ಬಸ್ ಹೋಗ್ತದ." ಆಗ ಮಧ್ಯಾಹ್ನ ಹನ್ನೆರಡಾಗಿರುತ್ತಿತ್ತು.

ನಾನು ಇದನ್ನು ಸೆರಗಿನ ಬದಲು ಟವೆಲು ಸುತ್ತಿಕೊಂಡು ಆಡಿ ತೋರಿಸುತ್ತಿದ್ದೆ. ತಟ್ಟೆ ಸರಿಸುವ ಎರಡು ಬೆರಳು, ಬಾಗಿಲ ಕಡೆಯ ನೋಟ, ಕೊನೆಗೆ ಎದ್ದು ಚಪ್ಪಲಿ ಹುಡುಕುವುದು. ಮದುವೆ ಮನೆಗಳಲ್ಲಿ ಜನ ಕೇಳಿ ಮಾಡಿಸುತ್ತಿದ್ದರು.

ಒಂದು ಯುಗಾದಿಗೆ ಭಾಲ್ಕಿಗೆ ಹೋಗಿದ್ದೆ. ಅವ್ವ ಬಂದಿರಲಿಲ್ಲ. ಊಟ ಮುಗಿದಿತ್ತು, ಮಾಮಾ "ಒಂದು ಅತ್ತಿಯವರ ಐಟಂ ಆಗ್ಲಿ" ಎಂದರು, ನಾನು ಟವೆಲು ತೆಗೆದುಕೊಂಡೆ. ಮನೆ ತುಂಬ ನಗು. ಅಕ್ಕನ ಅತ್ತೆಯಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಸುಧಾರಿಸಿಕೊಂಡು ಹೇಳಿದರು, "ಬಸ್ಸಿಗಿ ಯಾಕ ಬೈತಿಯಪ್ಪಾ. ನಿಮ್ಮವ್ವ ರೂಢಿ ಬಿಡಾಕಿ ಅಲ್ಲ. ಮೊಮ್ಮಗ ಬರ್ಲಿ, ಅವತ್ತು ನೋಡು, ಯಾವ ಬಸ್ಸೂ ನೆನಪಾಗಲ್ಲ ಆಕಿಗಿ."

ಅವರ ಮಾತಿನಲ್ಲಿ ಮುಳ್ಳಿರಲಿಲ್ಲ. ಚುಚ್ಚಿದ್ದು ಅದಕ್ಕೇ. ನಮ್ಮ ಕಡೆ ಕೆಲವು ಹಳೆಯ ಮನೆಗಳಲ್ಲಿ ಹೀಗೊಂದು ರೂಢಿ: ಮಗಳಿಗೆ ಮಗುವಾಗುವ ತನಕ ತಾಯಿ-ತಂದೆ ಅವಳ ಮನೆಯ ಅನ್ನ ಮುಟ್ಟಬಾರದು. ಕೇಳಿದ್ದೆ, ಅಜ್ಜಿಯರ ಕಾಲದ್ದೆಂದುಕೊಂಡಿದ್ದೆ. ಅಕ್ಕನ ಮದುವೆಯಾಗಿ ಆಗ ಏಳು ವರ್ಷ. ಮಗುವಿರಲಿಲ್ಲ. ಏಳು ವರ್ಷ ನಾನು ಬಸ್ಸನ್ನು ಅಣಕಿಸಿದ್ದೆ ಎಂದು ತಿಳಿದಿದ್ದೆ. ಏನನ್ನು ಅಣಕಿಸುತ್ತಿದ್ದೆ ಎಂಬುದು ಟವೆಲು ಹೆಗಲ ಮೇಲಿರುವಾಗಲೇ ತಿಳಿಯಿತು.

ಅಕ್ಕ ತಟ್ಟೆಗಳನ್ನು ಬಳಿದುಕೊಂಡು ಒಳಗೆ ಹೋದಳು. ನೀರು ಕುಡಿಯುವ ನೆಪದಲ್ಲಿ ನಾನೂ ಹೋದೆ.

"ನಿನಗ ಖರೇನೇ ಗೊತ್ತಿರ್ಲಿಲ್ಲೇನು?" ಎಂದಳು, ತಿರುಗದೆ.

"ಬಸ್ ಅಂತಾನೇ ತಿಳ್ಕೊಂಡಿದ್ನಕ್ಕಾ."

"ನಿನಗ ಎಲ್ಲಾರ ದನಿ ಕೇಳಸ್ತದ. ಮಾತು ಕೇಳ್ಸಲ್ಲ." ತಟ್ಟೆ ತಿಕ್ಕುತ್ತಲೇ ಇದ್ದಳು. "ಏಳು ವರ್ಷದಾಗ ಅವ್ವ ನನ್ನ ಕೈಯಾಂದು ಒಂದು ರೊಟ್ಟಿ ತಿಂದಿಲ್ಲ. ಬಾಜೂ ಮನಿಯವರು ಕೇಳ್ತಾರ. ಬಸ್ ಅದ ಆಕಿಗಿ ಅಂತ ನಾನೂ ಹೇಳ್ತೇನಿ."

ಆ ಐಟಮ್ಮನ್ನು ಅಂದೇ ಬಿಟ್ಟೆ. ಆದರೆ ಬಿಟ್ಟರೆ ಮುಗಿಯಿತೇ? ನನಗೊಂದು ಉಪಾಯ ಹೊಳೆಯಿತು. ಬಾಯಿಬಡುಕರಿಗೆ ಹೊಳೆಯುವ ಉಪಾಯಗಳೆಲ್ಲ ಹೊಳೆಯುವಾಗ ಬಹಳ ಚೆನ್ನಾಗಿರುತ್ತವೆ. ಅವ್ವನ ಮನೆಯೂ ಬೇಡ, ಅಕ್ಕನ ಮನೆಯೂ ಬೇಡ. ಸಾಲಿಗೆ ಬೇಸಿಗೆಯ ಸೂಟಿ ಬಿಟ್ಟಾಗ ಎಲ್ಲರನ್ನೂ ಬೀದರಿಗೆ ಕರೆಸುವುದು, ಲಾಡ್ಜಿನಲ್ಲಿ ಎರಡು ರೂಮು, ಎರಡು ದಿನ ತಿರುಗಾಟ. ಮೊದಲ ದಿನ ಸಂಜೆ ಎತ್ತರದ ಯಾವುದಾದರೂ ಜಾಗದಲ್ಲಿ, ಒಳ್ಳೆಯ ನೋಟ, ಒಳ್ಳೆಯ ಗಾಳಿ, ತಾಯಿ ಮಗಳು ಎದುರೆದುರು ಕೂತು ಸಾವಕಾಶ ಉಣ್ಣುವುದು. ಬಸ್ಸು ಹಿಡಿಯುವಂತಿಲ್ಲದ ಕಡೆ ಬಸ್ಸಿನ ನೆಪವೂ ಇರುವುದಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ಎರಡು ದಿನ ಬೀದರ್‌ದಾಗ ಏನ್ ಮಾಡೂದೋ? ಒಂದೇ ದಿನದಾಗ ದವಾಖಾನಿ, ಕಚೇರಿ, ಬಟ್ಟಿ ಬಜಾರ ಮೂರೂ ಮುಗಿಸಿ ಬಂದೀನಿ ನಾ."

"ತಿರಗಾಡೂದವ್ವ. ಸುಮ್ಮ."

"ಸುಮ್ಮ ಯಾರ ತಿರಗಾಡ್ತಾರ?" ಆ ಕಡೆ ಎಮ್ಮೆ ಕೂಗಿತು. "ಊಟಕ್ಕ?"

"ಹೋಟೆಲ್."

"ಹೋಟೆಲ್ ಅನ್ನ ಯಾರ ಮನಿದೂ ಅಲ್ಲ," ಎಂದಳು ಅವ್ವ ತನಗೆ ತಾನೇ ಎಂಬಂತೆ. "ಆಯ್ತು. ನಿಮ್ಮಪ್ಪ ಬರಲ್ಲ, ಎಮ್ಮಿ ಕರೀಲಾಕ ಯಾರಾರ ಬೇಕು. ನಾ ಬರ್ತೇನಿ."

ಅಂದಿನಿಂದ ನನ್ನ ನಿದ್ದೆ ಹೋಯಿತು. ಆಫೀಸಿನಲ್ಲಿ ಡೆಲಿವರಿ ಗಾಡಿ ಓಡಿಸುವ ಸಲೀಮ್ ಭಾಯಿ ಎಂಬವರಿದ್ದಾರೆ. ಪಾರ್ಸೆಲ್ಲು ಹೊತ್ತು ಬೀದರಿನ ಎಲ್ಲ ಮೆಟ್ಟಿಲು ಹತ್ತಿದವರು. ಅವರನ್ನು ಕೇಳಿದೆ.

"ಮಿಯಾ, ನಿನಗ ಖಾನಾ ಬೇಕೋ ನಜಾರಾ ಬೇಕೋ, ಮೊದಲ ಅದು ಹೇಳು," ಎಂದರು. "ಎರಡೂ ಒಂದೇ ಕಡಿ ಛಲೋ ಸಿಗಲ್ಲ. ಖಾನಾ ಛಲೋ ಇದ್ದಲ್ಲಿ ಎದುರಿಗಿ ಗೋಡಿ ಇರ್ತದ."

ನಾಲ್ಕು ಸಂಜೆ ನಾಲ್ಕು ಹೋಟೆಲು ನೋಡಿದೆ. ಒಂದರಲ್ಲಿ ಕುರ್ಚಿಯ ಬದಲು ಉಯ್ಯಾಲೆ. ಅವ್ವ ಉಯ್ಯಾಲೆಯಲ್ಲಿ ಕೂತು ಉಣ್ಣುವುದನ್ನು ಕಲ್ಪಿಸಿ ನಾನೇ ಹೆದರಿದೆ. ಇನ್ನೊಂದು ಹುಲ್ಲಿನ ಮೇಲೆ, ಹಾಡು ಎಷ್ಟು ಜೋರೆಂದರೆ ನೀರು ಕೇಳಲು ಕೈಸನ್ನೆ ಮಾಡಬೇಕು. ಮೂರನೆಯದರಲ್ಲಿ ನೋಟ ಚೆನ್ನಾಗಿತ್ತು, ಆದರೆ ಕೆಳಗೇ ಮಕ್ಕಳ ದವಾಖಾನೆಯ ದೊಡ್ಡ ಬೋರ್ಡು, ನಗುವ ಕೂಸಿನ ಚಿತ್ರ ದೀಪ ಹಚ್ಚಿಕೊಂಡು ನಿಂತಿತ್ತು. ಮೆಟ್ಟಿಲಿಳಿದು ಬಂದುಬಿಟ್ಟೆ. ಪ್ರತಿ ಕಡೆಯೂ ಒಂದು ಪ್ಲೇಟ್ ಇಡ್ಲಿ ಹೇಳಿ ನಾಲ್ಕೂ ದಿಕ್ಕಿನ ಕುರ್ಚಿಗಳಲ್ಲಿ ಒಂದೊಂದು ಇಡ್ಲಿಯಷ್ಟು ಹೊತ್ತು ಕೂತು ನೋಡುವ ಗಿರಾಕಿಯನ್ನು ಅವರು ಏನೆಂದು ತಿಳಿದರೋ.

ನಾಲ್ಕನೆಯದು ಸಲೀಮ್ ಭಾಯಿ ತೋರಿಸಿದ್ದು. ನಾಲ್ಕು ಅಂತಸ್ತಿನ ಕಟ್ಟಡದ ಮಾಳಿಗೆ, ಹೊಸ ಹೋಟೆಲು. ಸಂಜೆ ನೀರು ಹೊಡೆದು ಮೇಜು ಹಾಕುತ್ತಿದ್ದರು, ನಾನು ಮೊದಲು ಹೇಳಿದ ವಾಸನೆ ಅಲ್ಲಿಯದು. ಮೂಡಣಕ್ಕೆ ನೋಡಿದರೆ ಮದರಸಾದ ಮಿನಾರು, ಚೌಬಾರಾದ ಗೋಪುರ, ಅದರಾಚೆ ಕಿಲಾದ ಕೋಟೆಗೋಡೆ. ಇಳಿಬಿಸಿಲು ಬಿದ್ದು ಎಲ್ಲ ಜಾಜಿನ ಕೆಂಪು. ಊಟ ಪರವಾಗಿಲ್ಲ, ಜೋಳದ ರೊಟ್ಟಿ ಸಿಗುತ್ತದೆ. ಒಂದೇ ಕೊರತೆ: ಪಡುವಣಕ್ಕೆ ತಿರುಗಿದರೆ ಬಸ್‌ಸ್ಟ್ಯಾಂಡು. ಪೂರ್ತಿ ಬಸ್‌ಸ್ಟ್ಯಾಂಡು. ಡಾಬಕಾ ಬಸ್ಸಿನ ಹಣೆಪಟ್ಟಿ ಓದುವಷ್ಟು.

"ಅವ್ವಗ ಬೆನ್ನು ಹಚ್ಚಿ ಕೂಡಸ್ತೇನಿ," ಎಂದೆ.

"ಕಣ್ಣಿಗಿ ಬೆನ್ನು ಹಚ್ಚಿದಿ. ಹಾರ್ನ್ ಬಾರಿಸಿದ್ರ ಕಿವಿಗಿ ಏನ್ ಹಚ್ತಿ?" ಎಂದರು ಸಲೀಮ್ ಭಾಯಿ.

ಸೂರ್ಯ ಮುಳುಗುವುದನ್ನು ನೋಡಲೆಂದೇ ಜನ ಅಲ್ಲಿಗೆ ಬರುತ್ತಾರೆ, ಪಡುವಣದ ಮೇಜಿಗೆ ಬೇಡಿಕೆ. ಸೂರ್ಯನಿಗೆ ಬೆನ್ನು ಹಾಕುವ ಮೇಜನ್ನು ಅಂಗಲಾಚಿ ಗೊತ್ತು ಮಾಡಿದ ಮೊದಲ ಮನುಷ್ಯ ನಾನೇ ಇರಬೇಕು.

ಆ ದಿನ ಬಂತು. ಕಿಲಾ ನೋಡಿದೆವು. ಅವ್ವ ಕಿಲಾದೊಳಗೆಲ್ಲ ನಡೆದು, "ಇಷ್ಟು ದೊಡ್ಡ ಮನಿ ಕಸ ಯಾರ ಹೊಡೀತಿದ್ರೋ" ಎಂದದ್ದು ಬಿಟ್ಟರೆ ಬೇರೆ ದೂರಿರಲಿಲ್ಲ. ಮಾಮಾ ಎಲ್ಲ ತೋಪುಗಳ ಮುಂದೆಯೂ ಫೋಟೋ ತೆಗೆಸಿಕೊಂಡರು. ಆದರೆ ನಾಲ್ಕು ಗಂಟೆಯಾದದ್ದೇ ಅವ್ವ ಸೂರ್ಯನನ್ನು ನೋಡತೊಡಗಿದಳು. ಲಾಡ್ಜಿನ ಬೀಗದ ಕೈ ಅವಳ ಚೀಲದಲ್ಲಿಯೇ ಇತ್ತು. ಕಾಲು ಮಾತ್ರ ಡಾಬಕಾದ ಕಾಲು, ಸಂಜೆಯಾದರೆ ಬಸ್‌ಸ್ಟ್ಯಾಂಡಿನ ಕಡೆ ಎಳೆಯುತ್ತಿತ್ತು.

"ಗುರುದ್ವಾರದಾಗ ಉಂಡ್ರ ಆಗ್ತದಲ್ಲ," ಎಂದಳು. "ದೇವರ ಅನ್ನ. ಎಲ್ಲಾರೂ ನೆಲದ ಮ್ಯಾಲ ಕುಂತು ಉಣ್ತಾರ."

"ಅಲ್ಲಿ ವ್ಯೂ ಇಲ್ಲವ್ವ."

"ಹಂಗಂದ್ರೇನು?"

"ಕುಂತಲ್ಲೇ ದೂರದ್ದು ಕಾಣೂದು."

"ದೂರದ್ದು ನೋಡಕೋತ ತಾಟಿನಾಗಿಂದು ಹ್ಯಾಂಗ ಉಣ್ಣೂದು?"

ಈ ಮಾತನ್ನು ಅಂದೇ ಕೇಳಬೇಕಿತ್ತು. ಕೇಳಲಿಲ್ಲ, ಮೇಜು ಗೊತ್ತು ಮಾಡಿಯಾಗಿತ್ತು.

ಕೂರಿಸಿದೆ. ಅವ್ವ ಕಿಲಾದ ಕಡೆ ಮುಖ ಮಾಡಿ, ಎದುರಿಗೆ ಅಕ್ಕ, ಬದಿಗಳಲ್ಲಿ ನಾನು ಮತ್ತು ಮಾಮಾ. ಗಾಳಿ ಬಂತು. ರೊಟ್ಟಿ ಬಂತು, ಎಣ್ಣೆಗಾಯಿ, ಹಿಂಡಿ ಅನ್ನುವ ಶೇಂಗಾ ಚಟ್ನಿ, ಮೊಸರು ಬಂತು. ಅಕ್ಕ ಅವ್ವನ ತಟ್ಟೆಗೆ ತಾನೇ ಬಡಿಸಿದಳು. ಹಿಂಡಿಯನ್ನು ಮರೆತು ಎರಡು ಸಲ ಹಾಕಿದಳು. ಅವ್ವ ರೊಟ್ಟಿ ಮುರಿದಳು. ಎಣ್ಣೆಗಾಯಿಗೆ ಅದ್ದಿದಳು. ನಾನು ಅವಳ ಕೈಯನ್ನು ಬಿಟ್ಟು ಜಗತ್ತಿನಲ್ಲಿ ಬೇರೇನನ್ನೂ ನೋಡುತ್ತಿರಲಿಲ್ಲ.

ಆಗ ಹಿಂದಿನಿಂದ ಒಂದು ದನಿ, "ಅರೆ, ಭಾಲ್ಕಿ ಇಂಜಿನಿಯರ್ ಸಾಹೇಬ್ರು! ಇಲ್ಲಿ ಹ್ಯಾಂಗ?"

ಮಾಮಾ ಎದ್ದು ನಿಂತರು. "ಅಣ್ಣಾ? ಇದು ನಿಮ್ಮ ಹೋಟೆಲೇನು? ಹುಮನಾಬಾದ್ ರೋಡಿಗಿ ಹಾಕೀರಿ ಅಂತ ಕೇಳಿದ್ನಲ್ಲ ನಾ."

ಹೋಟೆಲಿನ ಮಾಲೀಕರು ಮಾಮಾನ ದೊಡ್ಡಪ್ಪನ ಮಗ. ಭಾತಂಬ್ರಾದ ಒಂದೇ ಅಂಗಳದಲ್ಲಿ ಬೆಳೆದವರು. ಬೀದರಿನಲ್ಲಿ ಇಷ್ಟೊಂದು ಮಾಳಿಗೆಗಳಿರುವಾಗ ನಾನು ನಾಲ್ಕು ದಿನ ಇಡ್ಲಿ ತಿಂದು, ದಿಕ್ಕು ನೋಡಿ, ಕುರ್ಚಿ ತಿರುಗಿಸಿ ಅವ್ವನನ್ನು ಕೂರಿಸಿದ್ದು ಅಕ್ಕನ ಗಂಡನ ಮನೆಯವರ ಪಂಕ್ತಿಯಲ್ಲಿ. ದಿಕ್ಕುಗಳನ್ನೆಲ್ಲ ವಿಚಾರಿಸಿದ್ದೆ. ಮಾಲೀಕ ಯಾರೆಂದು ವಿಚಾರಿಸಿರಲಿಲ್ಲ.

ಅವರು ಅವ್ವನಿಗೆ ಕೈಮುಗಿದರು. ಒಳ್ಳೆಯ ಮನುಷ್ಯ, ಮುಖದ ತುಂಬ ಸಂತೋಷ. "ಬೀಗತಿಯವ್ರು ಬಂದೀರಿ, ನಮ್ಮ ಪುಣ್ಯರಿ. ಬಿಲ್ಲಿನ ಮಾತು ಯಾರೂ ಎತ್ತಬ್ಯಾಡ್ರಿ. ಹೋಟೆಲ್ ಅನ್ಕೋಬ್ಯಾಡ್ರಿ ಇದಕ್ಕ. ಮಗಳ ಮನ್ಯಾಗ ಕುಂತೀನಿ ಅಂತ ತಿಳದು ಉಣ್ರಿ."

ಅವ್ವನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ನಿಂತು, ಮೆಲ್ಲಗೆ ಇಳಿದು, ತುತ್ತನ್ನು ತಟ್ಟೆಯ ಅಂಚಿಗೆ ಇಟ್ಟಿತು. ಎರಡು ಬೆರಳು ತಟ್ಟೆಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದವು.

"ನಾ ಏಳ್ತೇನಿ," ಎಂದಳು. "ಬಸ್ ಹೋಗ್ತದ."

ಮಾಮಾ ಅವ್ವನನ್ನು ನೋಡಿದರು, ಅಕ್ಕನನ್ನು ನೋಡಿದರು, "ಅಡಗಿ ಮನಿ ತೋರಸ್ರಿ ಅಣ್ಣಾ" ಎಂದು ಮಾಲೀಕರ ಹೆಗಲಿಗೆ ಕೈಹಾಕಿ ಆಚೆ ಕರೆದೊಯ್ದರು. ಪಂಪು ರಿಪೇರಿ ಮಾಡುವವರಿಗೆ ಎಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಬೇಗ ತಿಳಿಯುತ್ತದೆ. ನನಗೆ ತಿಳಿದದ್ದು ಒಂದೇ ವಿದ್ಯೆ; ಏನಾದರೂ ನಗಿಸೋಣವೆಂದು ಮಾಲೀಕರ ದನಿಯಲ್ಲಿ "ನಮ್ಮ ಪುಣ್ಯರಿ" ಎಂದು ತೆಗೆದೆ. ಬಾಯಿಂದ ಬಂದದ್ದು ಮ್ಯಾನೇಜರ್ ಎದುರಿನ ಬೆಕ್ಕಿನಮರಿ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಅಕ್ಕ ಎದ್ದು ಪಡುವಣದ ಕಟ್ಟೆಯ ಹತ್ತಿರ ಹೋಗಿ ಕೆಳಗೆ ನೋಡುತ್ತ ನಿಂತಳು. ಬಹಳ ಹೊತ್ತು ನಿಂತಳು. ಕೆಳಗೆ ಒಂದು ಎಂಜಿನ್ನು ಕೆಮ್ಮಿ ಶುರುವಾಯಿತು, ಎರಡು ಸಲ ಹಾರ್ನು ಕೇಳಿತು. ವಾಪಸ್ಸು ಬಂದು ಕೂತಳು.

"ಡಾಬಕಾ ಬಸ್ ಹೋಯ್ತವ್ವಾ. ಕಣ್ಣಾರೆ ನೋಡಿ ಬಂದೀನಿ. ಈಗೇನ್ ಹೇಳ್ತಿ?"

"ಹಸಿವಿಲ್ಲ ನನಗ."

"ಏಳು ವರ್ಷ ಹಸಿವಿಲ್ಲೇನು?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹಸಿವಿನ ಮಾತಲ್ಲದು. ನಾ ಉಂಡೆ ಅಂದ್ರ ಬಿಟ್ಟಂಗ ಆಗ್ತದ."

"ಏನ್ ಬಿಟ್ಟಂಗ?"

"ಆಗಲ್ಲ ಅಂತ ನಾನೇ ಒಪ್ಪಿದಂಗ. ಊರಾಗ ಯಾರ್ಯಾರೋ ಅಂತಾರ, ಅನ್ಲಿ. ಹಡದಾಕಿ ಒಪ್ಪಬಾರದು. ನಾ ಒಂದು ತುತ್ತು ಉಳಿಸಿ ಇಟ್ಟೀನಿ ಅಂದ್ರ ದೇವರಿಗಿ ನೆನಪಿರ್ತದ ಅಂತ..." ಮುಂದಿನ ಮಾತು ಗಾಳಿಗೆ ಹೋಯಿತು.

ಅವ್ವ ಬೇಡವೆನ್ನುತ್ತಿದ್ದುದೇ ಅವಳ ಹರಕೆ ಎಂದು ನನಗೆ ಅಷ್ಟು ವರ್ಷ ಅಣಕಿಸಿದರೂ ತಿಳಿದಿರಲಿಲ್ಲ. ಅಕ್ಕನಿಗೂ ತಿಳಿದಿರಲಿಲ್ಲವೆಂದು ಅವಳ ಮುಖ ನೋಡಿದಾಗ ಗೊತ್ತಾಯಿತು. ಅಷ್ಟು ವರ್ಷ ಅವಳು ಅದನ್ನು ತನ್ನ ಮೇಲಿನ ತೀರ್ಪೆಂದೇ ತಿಳಿದಿದ್ದಳು.

"ಅವ್ವಾ," ಎಂದಳು ಅಕ್ಕ. ದನಿ ಗಟ್ಟಿಯಾಗಿತ್ತು. "ನಾವಿಬ್ಬರೂ ಒಪ್ಪೀವಿ. ಎರಡು ವರ್ಷ ಆಯ್ತು. ಕುಂತು ಮಾತಾಡೀವಿ, ದವಾಖಾನಿ ತಿರಗೂದು ಬಿಟ್ಟೀವಿ. ಅತ್ತಿಗಿ ಇನ್ನಾ ಹೇಳಿಲ್ಲ. ಈಗ ನನಗ ಛಲೋ ನಿದ್ದಿ ಬರ್ತದ. ನೀನೊಬ್ಬಾಕಿನೇ ಇನ್ನಾ ಬಾಗಲದಾಗ ನಿಂತೀದಿ. ಒಳಗ ಬಾ."

"ನನಗ ಯಾಕ ಹೇಳಿಲ್ಲ?"

"ಹೇಳ್ಲಾಕ ನೀ ಒಂದಿನಾನರ ಕುಂತೀಯೇನು?"

ಅವ್ವ ಅತ್ತಳೆಂದು ನೀವು ತಿಳಿಯಬಹುದು. ಅಳಲಿಲ್ಲ. ಮಗಳನ್ನು ನೋಡಿದಳು, ಸಂತೆಯಲ್ಲಿ ಕೊಳ್ಳುವ ಮುಂಚೆ ಗಡಿಗೆ ತಟ್ಟಿ ನೋಡುವವರಂತೆ, ಎಲ್ಲಿಯಾದರೂ ಬಿರುಕಿದೆಯೇ ಎಂದು. ಅಷ್ಟು ಹೊತ್ತೂ ನಾನು ಅವಳ ಚಪ್ಪಲಿಯನ್ನೇ ನೋಡುತ್ತಿದ್ದೆ. ಎದ್ದುಬಿಟ್ಟರೆ? ಲಾಡ್ಜಿಗೆ ನಡೆದರೆ? ಇನ್ನು ಭಾಲ್ಕಿಗೆ ಕಾಲಿಡುವುದಿಲ್ಲವೆಂದರೆ? ಇಷ್ಟಕ್ಕೂ ಮೇಜು ಹುಡುಕಿದವನು ನಾನು.

ಅವ್ವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಂಚಿನಲ್ಲಿಟ್ಟಿದ್ದ ತುತ್ತನ್ನು ಬಾಯಿಗೆ ಹಾಕಿ ಅಗಿದಳು, ಅಗಿಯುತ್ತಲೇ ಇದ್ದಳು, ಒಂದು ತುತ್ತಿಗೆ ಅಷ್ಟು ಹೊತ್ತು ಬೇಕಾಗುವುದನ್ನು ನಾನು ಮತ್ತೆಂದೂ ನೋಡಿಲ್ಲ. ನುಂಗಿದಳು.

"ರೊಟ್ಟಿ ಆರ್ಯಾದ," ಎಂದಳು. "ಮತ್ತ, ಹಿಟ್ಟು ಬಿಸಿನೀರಾಗ ನಾದಿಲ್ಲ ಇವ್ರು. ಕರಿ ಅವರಿಗಿ."

ಅಡುಗೆಯವರನ್ನು ಕರೆಸಿ ನಾದುವುದನ್ನು ಹೇಳಿಕೊಟ್ಟೇ ಬಿಟ್ಟಳು. ಎರಡನೆಯ ರೊಟ್ಟಿ ಬಿಸಿಯಾಗಿ ಬಂತು, ಅದನ್ನು ಪೂರ್ತಿ ಉಂಡಳು. ಅಕ್ಕ ಉಣ್ಣುವುದನ್ನೇ ಮರೆತು ನೋಡುತ್ತಿದ್ದಳು. "ನನ್ನ ಬಾಯಿ ಏನ್ ನೋಡ್ತಿ, ನೀ ಉಣ್ಣು" ಎಂದು ಬೈಸಿಕೊಂಡಳು. ಮಾಮಾ ವಾಪಸ್ಸು ಬಂದು ಏನೂ ಕೇಳದೆ ಮೊಸರಿಗೆ ಕೈಹಾಕಿದರು. ನಾನು ಅಷ್ಟೊಂದು ಹುಡುಕಿದ ಕಿಲಾ, ಮಿನಾರು ಯಾವಾಗ ಕತ್ತಲಲ್ಲಿ ಕರಗಿದವೋ ನಮ್ಮಲ್ಲಿ ಯಾರೂ ನೋಡಲಿಲ್ಲ.

ಇದೆಲ್ಲ ಆಗಿ ನಾಲ್ಕು ಬೇಸಿಗೆ ಕಳೆದಿವೆ. ಅಕ್ಕನ ಮನೆಯಲ್ಲಿ ಇಂದಿಗೂ ಅವರಿಬ್ಬರೇ. ಈ ಕತೆಗೆ ನೀವು ಬಯಸಿರಬಹುದಾದ ತೊಟ್ಟಿಲು ಇಲ್ಲ, ಹೇಳಿಬಿಡುತ್ತೇನೆ. ಬಹುಶಃ ಅದಕ್ಕೇ ಈ ವಾಸನೆಗೆ ನನ್ನ ಅಂಗೈ ಇನ್ನೂ ಬೆವರುವುದು: ಆ ಸಂಜೆ ಅವ್ವ ಏನನ್ನು ಕೈಬಿಟ್ಟು ಆ ತುತ್ತನ್ನು ಕೈಗೆತ್ತಿಕೊಂಡಳೆಂಬುದು ನೆನಪಾಗುತ್ತದೆ.

ಇಂದೂ ಮಾಲೀಕರು ನೀರು ಹೊಡೆದು ಇಳಿದು ಹೋದರು. ಸಾಲಿಗೆ ಸೂಟಿ, ಅವ್ವ ಹನ್ನೊಂದು ದಿನದಿಂದ ಭಾಲ್ಕಿಯಲ್ಲಿದ್ದಾಳೆ. ತಡೆಯಲಾರದೆ ಫೋನು ಮಾಡಿದೆ. ಎತ್ತಿದಳು, ಆದರೆ ನನ್ನೊಡನೆ ಮಾತಾಡಲಿಲ್ಲ. ಪಲ್ಯಕ್ಕೆ ಹುಳಿ ಹೆಚ್ಚಾಯಿತೆಂದು ಅಕ್ಕನೊಡನೆ ಜಗಳ ನಡೆದಿತ್ತು. "ನಿನಗ ಸೇರಲ್ಲಂದ್ರ ನೀ ಮಾಡ್ಕೋ ನಾಳಿ" ಎಂದು ಅಕ್ಕ, "ಮಾಡ್ತೇನಿ, ಉಪ್ಪಿನ ಡಬ್ಬಿ ಎಲ್ಲಿ ಇಡ್ತಿ ಅದರ ಹೇಳು" ಎಂದು ಅವ್ವ. ಎರಡೂ ದನಿ ನನಗೆ ಬಾಯಿಪಾಠ. ಬಾಯಿ ಮುಚ್ಚಿಕೊಂಡು ಮಾತು ಕೇಳಿದೆ.

"ಯಾಕೋ, ಏನಾರ ಅರ್ಜೆಂಟ್ ಅದೇನು?" ಎಂದಳು ಅವ್ವ ಕಡೆಗೆ.

"ಇಲ್ಲವ್ವ. ಸುಮ್ಮ ಮಾಡಿದ್ದೆ."

"ಹಂಗಾರ ಇಡು. ಉಣ್ಲಾಕ ಕುಂತೀನಿ."